ತಾರಸಿ ಮೇಲಿಂದ ಬಂದ ಜಯ

ಮೊನ್ನೆ ಜಿಪ್ ಹುಡುಕೋಣ ಅಂತ ಅಂಗಡಿಯ ಕೆಳಗಿನ ಡ್ರಾಯರ್ ಎಳೆದೆ. ಜಿಪ್ ಸಿಗಲಿಲ್ಲ. ನವಾರ ಸಿಕ್ಕಿತು. ಹಳೇ ಮಂಚಕ್ಕೆ ಹೆಣೆಯುತ್ತಿದ್ದರಲ್ಲ, ಆ ಅಗಲದ ದಪ್ಪ ಪಟ್ಟಿ. ನಾಲ್ಕು ತುಂಡು. ಒಂದೊಂದರ ತುದಿಯನ್ನೂ ಮಡಚಿ, ಗುಣಾಕಾರದ ಗುರುತಿನ ಹಾಗೆ ಅಡ್ಡಡ್ಡ ಹೊಲಿದು, ಅದರ ಮೇಲೇ ಮತ್ತೆ ಹೊಲಿದಿದೆ. ಕೈ ನನ್ನದೇ. ಜನರ ಬ್ಲೌಸಿಗೂ ಇಷ್ಟು ಗಟ್ಟಿ ಹೊಲಿಗೆ ಹಾಕಿದ್ದಿದ್ದರೆ ಹೊಳೇನರಸೀಪುರದಲ್ಲಿ ನನ್ನ ಹೆಸರು ಇನ್ನೊಂಚೂರು ಚೆನ್ನಾಗಿರುತ್ತಿತ್ತು.

ಸೀರೆಗೆ ಫಾಲ್ಸ್ ಹಾಕಿಸೋಕೆ ಬಂದಿದ್ದ ಹೆಂಗಸೊಬ್ಬಳು, "ಇದೇನಕ್ಕ, ಎಮ್ಮೆಗಾ?" ಅಂದಳು.

"ಇಲ್ಲ ಕಣಮ್ಮ, ಫ್ರೆಂಡಿಗೆ," ಅಂದೆ.

ಅವಳು ಮುಂದೆ ಏನೂ ಕೇಳಲಿಲ್ಲ. ಸೀರೆ ಕೊಟ್ಟು, ಸೋಮವಾರ ಬರ್ತೀನಿ ಅಂತ ಹೊರಟೇ ಹೋದಳು. ಕೇಳಿದ್ದರೆ ಅವಳಿಗೇ ಹೇಳುತ್ತಿದ್ದೆ. ಕೇಳಲಿಲ್ಲವಲ್ಲ, ಅದಕ್ಕೇ ನಿಮಗೆ ಹೇಳ್ತಿದ್ದೀನಿ.

ನಾವು ನಾಲ್ಕು ಜನ ಹೈಸ್ಕೂಲಲ್ಲಿ ಒಂದೇ ಬೆಂಚಿನವರು. ಗೋಡೆ ಕಡೆ ಸ್ಟೆಲ್ಲಾ, ಆಮೇಲೆ ನಾನು, ನನ್ನ ಪಕ್ಕ ಜಯ, ತುದೀಲಿ ಲಲಿತ. ಸ್ಟೆಲ್ಲಾ ಕ್ರೈಸ್ತರ ಹುಡುಗಿ, ಮೇಷ್ಟ್ರ ಮಗಳು. ಮುಂದೆ ತಾನೂ ಪ್ರೈಮರಿ ಸ್ಕೂಲ್ ಮೇಡಂ ಆಗಿ, ಈಗ ರಿಟೈರಾಗಿ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾಳೆ. ನಾನು ಗಿರಿಜ. ಕೊರಳಲ್ಲಿ ಲಿಂಗ, ಕಾಲಡಿ ಹೊಲಿಗೆ ಮಿಷನ್ನು, ಇಷ್ಟೇ ನನ್ನ ಚರಿತ್ರೆ. ಜಯನನ್ನು ಅರಕಲಗೂಡಿಗೆ ಕೊಟ್ಟರು, ಅವಳು ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಲ್ಲಿ ಅಡುಗೆಗೆ ಸೇರಿಕೊಂಡಳು. ಲಲಿತಳನ್ನು ಚನ್ನರಾಯಪಟ್ಟಣದ ಕಬ್ಬಿಣದ ಅಂಗಡಿಯವರಿಗೆ ಕೊಟ್ಟರು, ಅವಳು ದಪ್ಪಗಾದಳು.

ಜಯ, ಲಲಿತ ಅಂದರೆ ಹೇಗೆ ಅಂತ ಒಂದು ಹೇಳ್ತೀನಿ. ಒಂದು ದಿನ ಜಯ ಮನೆಲೆಕ್ಕ ಮಾಡಿರಲಿಲ್ಲ. ಮೇಷ್ಟ್ರು ಹೊರಗೆ ನಿಲ್ಲಿಸಿದರು. ಲಲಿತ ಮಾಡಿದ್ದಳು. ಮಾಡಿದ್ದನ್ನು ರಬ್ಬರ್ ತಗೊಂಡು ಪರಪರ ಅಳಿಸಿ, "ನಂದೂ ಆಗಿಲ್ಲ ಸಾ" ಅಂತ ತಾನೂ ಹೋಗಿ ಹೊರಗೆ ನಿಂತಳು. ಹೊರಗೆ ನಿಂತವರಿಬ್ಬರೂ ಪೀರಿಯಡ್ ಮುಗಿಯೋವರೆಗೂ ಕಿಸಿಕಿಸಿ ನಗುತ್ತಿದ್ದರು. ಆ ಸಿಟ್ಟಿಗೆ ಒಳಗೆ ಕೂತಿದ್ದ ನಾವು ಏಟು ತಿಂದೆವು.

ಸ್ಟೆಲ್ಲಾ ಜೊತೆ ನಾನು ಭಾನುವಾರದ ಕ್ಲಾಸಿಗೂ ಹೋಗುತ್ತಿದ್ದೆ. ಭಕ್ತಿಯಿಂದ ಅಂತ ತಿಳ್ಕೊಬೇಡಿ. ಕೊನೆಗೆ ಪೆಪ್ಪರಮೆಂಟು ಕೊಡುತ್ತಿದ್ದರು. ನಮ್ಮಪ್ಪ ಹಣೆ ತುಂಬ ವಿಭೂತಿ ಇಟ್ಟುಕೊಂಡು, "ಹೋಗ್ಲಿ ಬಿಡು, ಅಲ್ಲೂ ಸುಳ್ಳು ಹೇಳಬೇಡ ಅಂತಾನೇ ತಾನೆ ಹೇಳ್ಕೊಡೋದು" ಅನ್ನುತ್ತಿದ್ದರು. ಕ್ರಿಸ್ಮಸ್ಸಿಗೆ ಸ್ಟೆಲ್ಲಾ ಮನೆಯಿಂದ ಹೂವಿನ ಅಚ್ಚಲ್ಲಿ ಕರಿದ ಗರಿಗರಿ ತಿಂಡಿ ಬರುತ್ತಿತ್ತು. ಅದರಲ್ಲಿ ಮೊಟ್ಟೆ ಇರುತ್ತೆ ಅಂತ ನಮ್ಮಜ್ಜಿ ನಮ್ಮ ಕೈಗೆ ಕೊಡದೆ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟುಬಿಡುತ್ತಿದ್ದಳು. ಮಾರನೇ ದಿನ ನೋಡಿದರೆ ಡಬ್ಬಿ ಖಾಲಿ. ಅಟ್ಟಕ್ಕೆ ಕೈ ಎಟುಕುತ್ತಿದ್ದದ್ದು ಅಜ್ಜಿಗೊಬ್ಬಳಿಗೇ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಆ ಭಾನುವಾರದ ಕ್ಲಾಸಿನಲ್ಲೇ ನಾನು ಆ ಕಥೆ ಕೇಳಿದ್ದು. ಒಬ್ಬನಿಗೆ ಕೈಕಾಲು ಬಿದ್ದುಹೋಗಿರುತ್ತೆ. ಅವನ ನಾಲ್ಕು ಜನ ಗೆಳೆಯರು ಅವನನ್ನು ಹಾಸಿಗೆ ಸಮೇತ ಹೊತ್ತುಕೊಂಡು ಯೇಸುಸ್ವಾಮಿ ಇರೋ ಮನೆಗೆ ಬರ್ತಾರೆ. ಬಾಗಿಲ ತುಂಬ ಜನ, ಒಳಗೆ ಹೋಗೋಕೆ ಆಗಲ್ಲ. ಬಿಡ್ತಾರಾ? ಮಾಡು ಹತ್ತಿ, ಹೆಂಚು ಕಿತ್ತು, ಹಗ್ಗ ಕಟ್ಟಿ ಮೇಲಿಂದಲೇ ಇಳಿಸ್ತಾರೆ. ಸ್ವಾಮಿ ಮೊದಲು ನಿನ್ನ ಪಾಪ ಕ್ಷಮಿಸಿದೆ ಅಂತಾನೆ, ಎದ್ದು ನಡಿ ಅನ್ನೋದು ಆಮೇಲೆ. ಎಲ್ಲರೂ ಕಣ್ಣರಳಿಸಿಕೊಂಡು ಕೇಳಿದರು. ನಾನು ಎದ್ದು ನಿಂತು, "ಆ ಹೆಂಚು ಯಾರು ರಿಪೇರಿ ಮಾಡಿಸಿಕೊಟ್ಟರು ಟೀಚರ್?" ಅಂದೆ. ಟೀಚರ್ ಕೂತ್ಕೋ ಅಂದರು. ಮನೆಗೆ ಹೋಗುವಾಗ ಸ್ಟೆಲ್ಲಾ, "ಹೆಂಚಿಗಿಂತ ಮನುಷ್ಯ ದೊಡ್ಡವನು ಕಣೆ" ಅಂದಳು. "ನಿಮ್ಮನೆ ಹೆಂಚಲ್ಲವಲ್ಲ" ಅಂದೆ. ಅವಳು ಆಗಲೂ ಸಿಟ್ಟಾಗಲಿಲ್ಲ.

ಸಿಟ್ಟೇ ಆಗಲ್ಲ, ಅದೇ ಕಷ್ಟ. ಸ್ಟೆಲ್ಲಾ ಬೈಯೋದಿಲ್ಲ, ಕೂಗೋದಿಲ್ಲ. ಬಂದು ಕೂತ್ಕೊಳ್ತಾಳೆ. ಮೇಡಂ ಆಗಿದ್ದಾಗ ಸ್ಕೂಲು ಬಿಟ್ಟ ಮಕ್ಕಳ ಮನೆಗೆ ಹೋಗಿ ಜಗಲಿ ಮೇಲೆ ಕೂತುಬಿಡುತ್ತಿದ್ದಳಂತೆ. ಮನೆಯವರು ಕಾಫಿ ಕೊಟ್ಟರೆ ಕುಡಿಯೋದು, ಕೊಡದಿದ್ದರೂ ಕೂತಿರೋದು. ಕೊನೆಗೆ ಅವರೇ ಬೇಜಾರಾಗಿ ಮಗೂನ ಕಳಿಸಿಕೊಡುತ್ತಿದ್ದರು. ಅವಳ ಗಂಡ ಆಲ್ಬರ್ಟ್ ಪೋಸ್ಟಾಫೀಸಲ್ಲಿದ್ದು ರಿಟೈರಾದವರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಬಾಯಲ್ಲಿ ಉಳಿದಿರೋದು "ಆಯ್ತು" ಅನ್ನೋ ಒಂದೇ ಮಾತು.

ಈಗ ಗೃಹಪ್ರವೇಶದ ವಿಷಯ. ಇದನ್ನು ಹೇಳೋಕೆ ನನಗೆ ಇಷ್ಟ ಇಲ್ಲ, ಆದರೆ ಹೇಳದಿದ್ದರೆ ಮುಂದಿನದು ಅರ್ಥ ಆಗಲ್ಲ.

ಐದಾರು ವರ್ಷದ ಹಿಂದೆ ಲಲಿತ ಚನ್ನರಾಯಪಟ್ಟಣದಲ್ಲಿ ಹೊಸಮನೆ ಕಟ್ಟಿಸಿದಳು. ಅದಕ್ಕೆ ಮುಂಚಿನ ವರ್ಷ ಜಯನ ಗಂಡ ತೀರಿಕೊಂಡಿದ್ದ. ಆದರೂ ಜಯ ಹಿಂದಿನ ದಿನವೇ ಬಂದು, ತೋರಣ ಕಟ್ಟಿ, ಒಂದು ಚೀಲ ಹುರುಳಿಕಾಯಿ ಸೋಸಿ, ಬೆಳಗಿನ ಉಪ್ಪಿಟ್ಟಿನವರೆಗೂ ನಿಂತು ಮಾಡಿದಳು. ಪೂಜೆ ಮುಗಿದ ಮೇಲೆ ಹಾಲಲ್ಲಿ ಸಾಲಾಗಿ ಕೂತಿದ್ವಿ. ಲಲಿತಳ ಅತ್ತೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ನನಗೆ ಕೊಟ್ಟರು. ಸ್ಟೆಲ್ಲಾ ಕುಂಕುಮ ಇಟ್ಟುಕೊಳ್ಳಲ್ಲ ಅಂತ ಗೊತ್ತಿದ್ದು ಅವಳಿಗೆ ಹೂವು, ಹಣ್ಣು ಕೊಟ್ಟರು. ಜಯನ ಮುಂದೆ ತಟ್ಟೆ ನಿಲ್ಲಲಿಲ್ಲ. ಸ್ಟಾಪ್ ಇಲ್ಲದ ಊರನ್ನು ಬಸ್ ದಾಟಿಕೊಂಡು ಹೋದ ಹಾಗೆ ಹೋಗಿ, ಪಕ್ಕದವಳ ಮುಂದೆ ನಿಂತಿತು. ಒಳ್ಳೆಯ ಹೆಂಗಸೇ ಆಕೆ, ಈಗಿಲ್ಲ. ಶಾಸ್ತ್ರ ಅಂತ ಬಂದಾಗ ಮಾತ್ರ ಕಣ್ಣು ಕಾಣುತ್ತಿರಲಿಲ್ಲ. ಹಿಂದೆಯೇ ಬ್ಲೌಸ್ ಪೀಸಿನ ಚೀಲ ಹಿಡಿದುಕೊಂಡು ಲಲಿತ ಬರುತ್ತಿದ್ದಳು. ಅವಳಿಗೆ ಕಂಡಿತು. ಅವಳು ನೆಲ ನೋಡಿದಳು.

ಜಯ ಎದ್ದು ನಿಂತಳು. ಅವಳ ಗಂಟಲು ಮೊದಲೇ ದೊಡ್ಡದು, ಹಾಸ್ಟೆಲ್ ಅಡುಗೆಯವಳು.

"ಲಲ್ತಾ, ಉಳ್ಳೀಕಾಯಿ ಸೋಸಾಕೆ ನಾನು ಬೇಕು, ಕುಂಕುಮಕ್ಕೆ ಬ್ಯಾಡ. ಅಂಗಾ? ಇನ್ನೊಂದ್ಸಲ ಈ ಮನೆ ಹೊಸ್ತಿಲು ತುಳುದ್ರೆ ನನ್ ಮಗಳಾಣೆ. ನಿನ್ ಹಣೇನೂ ನನ್ ಹಣೆ ಅಂಗೇ ಬೋಳಾಗ್ಲಿ, ಆಗ ಗೊತ್ತಾಯ್ತದೆ ನಿಂಗೆ."

ಓಲಗದವರೂ ನಿಲ್ಲಿಸಿಬಿಟ್ಟರು. ಜಯ ಊಟ ಮಾಡದೆ ಬಸ್ ಹತ್ತಿದಳು. ಅವಳ ಹಿಂದೆ ಸ್ಟೆಲ್ಲಾ ಓಡಿದಳು, ಸ್ಟೆಲ್ಲಾ ಹಿಂದೆ ನಾನು ಓಡಿದೆ. ಮೂವರಿಗೂ ಊಟ ಇಲ್ಲ.

ಆಮೇಲೆ ಒಂದು ವರ್ಷವೂ ತುಂಬಿರಲಿಲ್ಲ, ಲಲಿತಳ ಗಂಡ ಅಂಗಡಿಯಲ್ಲಿ ಕೂತಿದ್ದವರು ಎದೆನೋವು ಅಂದರು, ಅಷ್ಟೇ. ಜಯ ಮಣ್ಣಿಗೆ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರ್ತಾಳೆ? ಊರೆಲ್ಲ ಬಂದರೂ ಅವಳು ಬರಲಿಲ್ಲ ಅನ್ನೋದನ್ನ ಲಲಿತ ಮರೆಯಲಿಲ್ಲ. ಮಾತು ನಿಂತದ್ದು ನಿಂತೇಹೋಯಿತು.

ಹೋದ ವರ್ಷ ಜಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು. ಹಾಸನದ ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿದರು. ದಿನಾ ವ್ಯಾಯಾಮ ಮಾಡಿಸಿ, ಹಿಡಿದುಕೊಂಡು ನಡೆಸಿ, ಖಂಡಿತ ಎದ್ದು ಓಡಾಡ್ತಾರೆ ಅಂತ ಹೇಳಿ ಕಳಿಸಿದರು. ಜಯ ಅರಕಲಗೂಡಿನ ಮನೆಗೆ ಬಂದು, ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಮಗಳು ರೇಖಾ ಹಾಸನದಲ್ಲಿ ಗಂಡನ ಮನೆಯಲ್ಲಿದ್ದಳು, ಚೊಚ್ಚಲ ಬಸುರಿ. ಬಸ್ಸಲ್ಲಿ ಓಡಾಡಿಕೊಂಡು ಅವ್ವನ್ನ ನೋಡಿಕೊಳ್ಳುತ್ತಿದ್ದಳು. "ಕಾಲು ಅಲ್ಲಾಡ್ಸವ್ವ" ಅಂತ ಆ ಹುಡುಗಿ ಕಣ್ಣೀರು ಹಾಕಿದರೂ ಜಯ ಅಲ್ಲಾಡಿಸಲಿಲ್ಲ.

ಶುರುವಾಯಿತು ನೋಡಿ ಸ್ಟೆಲ್ಲಾಳ ಶುಕ್ರವಾರ. ಪ್ರತಿ ಶುಕ್ರವಾರ ಉಪವಾಸ, ಅರಕಲಗೂಡು, ಪ್ರಾರ್ಥನೆ. ಜೊತೆಗೆ ನಾನು. ಯಾಕೆ ಅಂದರೆ, ಅವಳು ಬಂದು ನನ್ನ ಅಂಗಡಿಯಲ್ಲಿ ಕೂತಳು. ಅಲ್ಲಿಗೆ ಮುಗಿಯಿತು. ಉಪವಾಸ ಅವಳದು, ಸಂಕಟ ನನ್ನದು. ಅವಳ ಎದುರಿಗೆ ಕೂತು ಇಡ್ಲಿ ಡಬ್ಬಿ ತೆಗೆಯೋಕೆ ನನಗೆ ಮನಸ್ಸಾಗುತ್ತಿರಲಿಲ್ಲ. ಅವಳ ಪ್ರಾರ್ಥನೆ ಬೇರೆ ಬಹಳ ವಿವರವಾಗಿರುತ್ತಿತ್ತು. "ಸ್ವಾಮಿ, ಜಯನ ಕೈ ಕಾಲು ಸರಿಮಾಡು. ರೇಖಾನ ಹೊಟ್ಟೆ ತಣ್ಣಗಿಡು. ಗಿರಿಜನ ಬಿಪಿ ಇಳಿಸು, ಬಾಯೂ ಸ್ವಲ್ಪ ಇಳಿಸು. ಬಸ್ಸಲ್ಲಿ ಸೀಟು ಕೊಟ್ಟಿದ್ದಕ್ಕೆ ಸ್ತೋತ್ರ." ಜಯ ಗೋಡೆಗೆ ಮುಖ ಮಾಡಿಕೊಂಡೇ ಎಲ್ಲಾ ಕೇಳುತ್ತಿದ್ದಳು. ವಾಪಸ್ ಬರುವಾಗ ನಾನು, "ನಿನ್ನ ದೇವರಿಗೆ ನಮ್ಮ ರೂಟು ಗೊತ್ತಿಲ್ಲ ಅನ್ಸುತ್ತೆ" ಅಂತಿದ್ದೆ. "ನಾವು ಹೋಗ್ತಾ ಇರೋಣ, ತಿಳ್ಕೊಳ್ತಾನೆ" ಅಂತಿದ್ದಳು.

ಬೆಳಗ್ಗೆ ಹೊತ್ತು ಲಲಿತಳಿಗೆ ಫೋನು. ಲಲಿತ ಜಯನ ಹೆಸರು ಬಂದ ತಕ್ಷಣ ಕಟ್ ಮಾಡುತ್ತಿದ್ದಳು. ಸ್ಟೆಲ್ಲಾ ಮತ್ತೆ ಮಾಡಿ, "ಕಟ್ಟಾಯ್ತು ಕಣೆ, ನೆಟ್‌ವರ್ಕ್ ಸರಿ ಇಲ್ಲ, ಎಲ್ಲಿದ್ವಿ?" ಅನ್ನುತ್ತಿದ್ದಳು. ಲಲಿತ ಕೊನೆಗೊಂದು ದಿನ ಬಿಚ್ಚಿ ಹೇಳಿದಳಂತೆ: "ಅವಳೇ ಬಂದು ನನ್ನ ಮುಂದೆ ಹೇಳಲಿ. ನಾನು ಹೋಗಲ್ಲ. ನನ್ನ ಗಂಡನ ಹೆಣ ನಡುಮನೇಲಿದ್ದಾಗ ಅವಳು ಬಂದ್ಳಾ?"

ಎಷ್ಟನೇ ಶುಕ್ರವಾರವೋ ನೆನಪಿಲ್ಲ, ಸ್ಟೆಲ್ಲಾಳ ಪ್ರಾರ್ಥನೆ ಕೈ ಕಾಲಿನ ಹತ್ತಿರ ಬಂದಾಗ ಜಯ ಗೋಡೆ ಕಡೆಯಿಂದಲೇ ಮಾತಾಡಿದಳು.

"ನಂಗೆ ಕಾಲು ಬ್ಯಾಡ ಅಂತ ಹೇಳೇ ನಿಮ್ ಸ್ವಾಮಿಗೆ. ಒಂದ್ ಮನೆ ಗಂಡಸಿನ ಪ್ರಾಣ ತಿಂದೋಳಿಗೆ ಕಾಲು ಕೊಟ್ಟು ಏನ್ ಮಾಡ್ತಾನೆ?"

ನಾನು ತಡೆಯದೆ, "ಬೈದ್ರೆ ಜನ ಸಾಯೋದಾಗಿದ್ರೆ ನಮ್ಮ ಬೀದೀಲಿ ಒಬ್ಬರೂ ಉಳೀತಿರ್ಲಿಲ್ಲ ಕಣೆ" ಅಂದೆ. ಜಯ ನಗಲಿಲ್ಲ.

ಸ್ಟೆಲ್ಲಾ ಮಂಚದ ಆ ಕಡೆ ಹೋಗಿ, ಗೋಡೆಗೂ ಮಂಚಕ್ಕೂ ನಡುವೆ ಇದ್ದ ಚೂರು ಜಾಗದಲ್ಲಿ ತುರುಕಿಕೊಂಡು ಕೂತು, ಜಯನ ಮುಖ ನೋಡಿದಳು. "ನಿನಗೆ ಕಾಲು ಆಮೇಲೆ. ಮೊದಲು ಕ್ಷಮೆ ಬೇಕು. ದೇವರದು ನನಗೆ ಬಿಡು, ಅದು ಸಿಕ್ಕಿದೆ ಅಂತಲೇ ಇಟ್ಕೊ. ಲಲಿತನದು ಬಾಕಿ ಇದೆ. ಹೋಗೋಣ ನಡಿ."

"ಆ ಹೊಸ್ತಿಲು ತುಳಿಯಾಕಿಲ್ಲ ಅಂತ ರೇಖನ್ ಮ್ಯಾಲೆ ಆಣೆ ಇಟ್ಟಿವ್ನಿ. ಒಂದ್ ಮಾತು ಒಂದ್ ಪ್ರಾಣ ತಗಂತು. ಈ ಮಾತೂ ಮುರುದ್ರೆ ಅವಳ ಹೊಟ್ಟೇಲಿರೋದಕ್ಕೆ ಏನಾಯ್ತದೋ."

"ಫೋನಲ್ಲಿ ಹೇಳ್ಬಿಡೇ," ಅಂದೆ ನಾನು.

"ಕಾಲಿಗೆ ಬೀಳೋದ ಫೋನಲ್ಲಿ ಎಂಗೇ ಬೀಳ್ಲಿ?" ಅಂದಳು ಜಯ. ಅಂದು, ಅತ್ತಳು. ಅವಳ ಮುಖದ ಒಂದು ಕಡೆ ಮಾತ್ರ ಅಳುತ್ತಿತ್ತು. ನನಗೆ ಅಲ್ಲಿ ಕೂರೋಕೆ ಆಗಲಿಲ್ಲ, ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಇದಾಗಿ ಕೆಲವು ದಿನಕ್ಕೆ ನಾನು ಅಂಗಡಿಯಲ್ಲಿ ಬ್ಲೌಸ್ ಕಟ್ ಮಾಡುತ್ತಿದ್ದೆ. ಸ್ಟೆಲ್ಲಾ ಬಂದು ಎದುರಿಗೆ ಕೂತಳು.

"ಗಿರಿಜ, ಲಲಿತನ ಮನೆಗೆ ಮೆಟ್ಟಿಲು ಎಷ್ಟು ಕಡೆ?"

"ಎರಡು. ಹೊರಗಿಂದು ಮಹಡಿ ಬಾಡಿಗೆಯವರಿಗೆ, ಒಳಗಿಂದು ಅವಳಿಗೆ. ಎರಡೂ ತಾರಸೀಲಿ ಸೇರುತ್ವೆ. ಯಾಕೆ?"

"ತಾರಸಿ ಬಾಗಿಲಿಗೆ ಹೊಸ್ತಿಲು ಇದೆಯಾ?"

ಕತ್ತರಿ ಕೆಳಗಿಟ್ಟೆ. ಅದು ತಗಡಿನ ಬಾಗಿಲು. ಕೆಳಗೆ ಮಳೆನೀರು ಒಳಗೆ ಬರದಿರಲಿ ಅಂತ ಒಂದು ಗೇಣು ಸಿಮೆಂಟಿನ ಕಟ್ಟೆ ಇದೆ. ಅದನ್ನು ಹೊಸ್ತಿಲು ಅನ್ನಬಹುದಾ? ಧರ್ಮಸೂಕ್ಷ್ಮವನ್ನು ಟೈಲರ್ ಹತ್ತಿರ ತಂದವಳು ಇವಳೊಬ್ಬಳೇ. "ನಿಮ್ಮ ಕಡೆ ಪದ್ಧತಿ ನಿನಗೇ ಗೊತ್ತು, ನೀನು ಹೇಳಿದ್ರೆ ಜಯ ನಂಬ್ತಾಳೆ" ಅಂದಳು. ನಾನು ಯೋಚನೆ ಮಾಡಿ ತೀರ್ಪು ಕೊಟ್ಟೆ: ಅರಿಶಿನ ಬಳಿದು, ಕುಂಕುಮ ಇಟ್ಟು, ರಂಗೋಲಿ ಎಳೆದರೆ ಅದು ಹೊಸ್ತಿಲು. ಅದ್ಯಾವುದೂ ಇಲ್ಲದಿದ್ದರೆ ಅದು ಕಟ್ಟೆ. ಕಟ್ಟೆ ಮೇಲೆ ಯಾರೂ ಆಣೆ ಇಟ್ಟಿಲ್ಲ.

ಜಯ ಈ ತೀರ್ಪನ್ನು ಒಂದು ದಿನವೆಲ್ಲ ಗೋಡೆ ನೋಡುತ್ತಾ ಪರಿಶೀಲಿಸಿದಳಂತೆ. ಸಾಯಂಕಾಲ ರೇಖಾ ಫೋನ್ ಮಾಡಿ, "ಅವ್ವ ಹೂಂ ಅಂದ್ಲು, ತಲೆ ಬಾಚು ಅಂದ್ಲು" ಅಂತ ಅಳುತ್ತಾ ನಗುತ್ತಾ ಹೇಳಿದಳು.

ಆಗ ಹೊಲಿದದ್ದು ಈ ನವಾರ. ಸ್ಟೆಲ್ಲಾ ಮನೆಯ ಬೆತ್ತದ ಕುರ್ಚಿಯ ನಾಲ್ಕು ಕಾಲಿಗೆ ನಾಲ್ಕು ಹಿಡಿ. ಉಳಿದ ಒಂದು ಉದ್ದದ ತುಂಡು ಜಯನ ಸೊಂಟಕ್ಕೆ. ಹೊರೋರು ನಾಲ್ಕು ಜನ: ಸ್ಟೆಲ್ಲಾ, ಆಲ್ಬರ್ಟ್, ನಾನು, ಓಮ್ನಿ ಓಡಿಸೋ ನಾಗ. ಆಲ್ಬರ್ಟ್ ಅವರಿಗೆ ವಿಷಯ ಪೂರ್ತಿ ಹೇಳಿದೆವು. ಕೇಳಿ, "ಆಯ್ತು" ಅಂದರು. ನಾಗನಿಗೆ ಏನೂ ಹೇಳಿರಲಿಲ್ಲ, ಅದು ತಪ್ಪಾಯಿತು. ಚನ್ನರಾಯಪಟ್ಟಣದಲ್ಲಿ ಲಲಿತನ ಮನೆ ಮುಂದೆ ಓಮ್ನಿ ನಿಲ್ಲಿಸಿದರೆ ಮುಂಬಾಗಿಲು ಹಾರುಹೊಡೆದಿತ್ತು. ಬರ್ತೀವಿ ಅಂತ ಸ್ಟೆಲ್ಲಾ ಬೆಳಗ್ಗೆ ಫೋನಲ್ಲಿ ಹೇಳಿದ್ದಳು, ಹೇಗೆ ಬರ್ತೀವಿ ಅಂತ ಹೇಳಿರಲಿಲ್ಲ.

"ಅಕ್ಕೋ, ಬಾಗ್ಲು ತೆಗ್ದೇ ಐತಲ್ಲ, ಅಂಗೇ ಓಗಾನ," ಅಂದ ನಾಗ.

"ಹಂಗೆ ಆಗಲ್ಲಪ್ಪ. ತಾರಸಿ ಮೇಲಿಂದ ಹೋಗ್ಬೇಕು."

"ಯಾಕಕ್ಕ?"

"ಅದು ದೊಡ್ಡ ಕಥೆ. ನೀನು ಎತ್ತು."

ಅವನು ಆಲ್ಬರ್ಟ್ ಮುಖ ನೋಡಿದ, ಗಂಡಸರು ಏನಾದರೂ ಹೇಳ್ತಾರೇನೋ ಅಂತ. ಆಲ್ಬರ್ಟ್ ಏನು ಹೇಳಿದರು ಅಂತ ನಿಮಗೆ ಗೊತ್ತು.

ಪಕ್ಕದ ಮೆಟ್ಟಿಲು ಹತ್ತಿದೆವು. ಹತ್ತಿದೆವು ಅನ್ನೋಕೆ ಒಂದು ಮಾತು. ನನ್ನ ಮಂಡಿಗೆ ಇವತ್ತಿಗೂ ಅದರ ನೆನಪಿದೆ. ತಿರುವಿನಲ್ಲಿ ಕುರ್ಚಿ ಓರೆಯಾಯಿತು. ಜಯ ಎಡಗೈಯಲ್ಲಿ ಕಂಬಿ ಹಿಡಿದುಕೊಂಡು, "ನಿಧಾನ ಕಣ್ರೋ. ಸತ್ ಮ್ಯಾಲೆ ನಾಲ್ಕ್ ಜನ ಹೊರ್ತಾರೆ ಅಂತ ಕೇಳಿದ್ದೆ, ನೀವು ಮುಂಗಡವಾಗೇ ಸುರು ಮಾಡಿದ್ರಿ" ಅಂದಳು. ಲಕ್ವ ಹೊಡೆದ ಮೇಲೆ ಅವಳು ಆಡಿದ ಮೊದಲನೇ ತಮಾಷೆ ಅದು. ನಗು ಬಂದು ನಾಗನ ಕಡೆ ಇನ್ನೊಂದು ಸಲ ಓರೆಯಾಯಿತು.

ತಾರಸಿಗೆ ಬಂದರೆ ಬಿಸಿಲು ರಣರಣ. ಒಂದು ಹಳೇ ಸೀರೆ ಮೇಲೆ ಸಂಡಿಗೆ ಒಣಹಾಕಿತ್ತು. ತಗಡಿನ ಬಾಗಿಲಿಗೆ ಒಳಗಿನಿಂದ ಚಿಲಕ. ಇಷ್ಟೆಲ್ಲ ಧರ್ಮಶಾಸ್ತ್ರ ನೋಡಿದವರು ಚಿಲಕದ ವಿಷಯ ಯಾರೂ ಯೋಚನೆ ಮಾಡಿರಲಿಲ್ಲ. ಸ್ಟೆಲ್ಲಾ ಬಾಗಿಲು ಬಡಿದಳು. ನಾಗ ಇನ್ನೂ ಜೋರಾಗಿ ಬಡಿದ. ಕೆಳಗೆ ಲಲಿತ ಮುಂಬಾಗಿಲು ತೆರೆದಿಟ್ಟು, ಅಡುಗೆಮನೆಯಲ್ಲಿ ನಮ್ಮನ್ನು ಕಾದುಕೊಂಡಿದ್ದಳಂತೆ. ಮೇಲೆ ದಡಬಡ ಕೇಳಿಸಿತು. ಅವರ ಬೀದಿಯಲ್ಲಿ ಕೋತಿ ಕಾಟ. ಸಂಡಿಗೆ ಹೋಯ್ತು ಅಂತ ದೊಣ್ಣೆ ತಗೊಂಡು ಮೆಟ್ಟಿಲು ಹತ್ತಿ ಬಂದು, ಚಿಲಕ ತೆಗೆದು, ದೊಣ್ಣೆ ಎತ್ತಿಕೊಂಡೇ ಬಾಗಿಲು ನೂಕಿದಳು.

ಇಷ್ಟು ವರ್ಷ ಆದ ಮೇಲೆ ಅವರಿಬ್ಬರೂ ಮುಖ ನೋಡಿದ್ದು ಹಾಗೆ. ಇವಳು ಕುರ್ಚಿಗೆ ಕಟ್ಟಿಸಿಕೊಂಡು, ಅವಳು ದೊಣ್ಣೆ ಎತ್ತಿಕೊಂಡು.

ಜಯ ಮುಂದಕ್ಕೆ ಬಗ್ಗಿದಳು. ಸೊಂಟದ ನವಾರ ಬಿಡಲಿಲ್ಲ. "ಬಿಚ್ಚೇ ಇದ, ಕಾಲಿಗ್ ಬೀಳ್ಬೇಕು" ಅಂದಳು. ನಾನು ಎಳೆದೆ, ಗಂಟು ಬಿಗಿದುಕೊಂಡಿತ್ತು. ಹಲ್ಲಲ್ಲಿ ಕಚ್ಚಿದೆ, ಆಗಲಿಲ್ಲ. ಜಯ ಕಾಯಲಿಲ್ಲ. ಕಟ್ಟಿದ್ದ ಹಾಗೇ ಎಡಗೈ ಒಂದನ್ನೇ ಮುಂದೆ ಚಾಚಿ ಹೇಳಿದಳು.

"ನಾನೇ ಕಣೆ ಲಲ್ತಾ ಅಂದಿದ್ದು. ಅಂದಿದ್ದು ಆಗೋಯ್ತು. ನಿನ್ ಗಂಡನ್ನ ನಾನ್ ತಿಂದೆ. ನನ್ ಬಾಯಿ ತಿಂತು. ಹೊಡಿ ಬೇಕಾದ್ರೆ."

ಲಲಿತ ದೊಣ್ಣೆ ಗೋಡೆಗೆ ಒರಗಿಸಿದಳು.

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣೆ. ತುಂಬಾ ದಿನ ಅಂದ್ಕೊಂಡೆ. ದಿನಾ ಬೆಳಗ್ಗೆ ಎದ್ದು ನಿನಗೆ ಶಾಪ ಹಾಕ್ತಿದ್ದೆ. ಆಮೇಲೆ ನಮ್ಮ ಮೈದುನನ ಮಗಳ ಮದುವೆ ಆಯ್ತು. ತಟ್ಟೆ ಬಂತು. ನನ್ನ ಮುಂದೆ ನಿಲ್ಲಲಿಲ್ಲ, ಪಕ್ಕದವಳಿಗೆ ಹೋಯ್ತು. ಆವತ್ತು ನಿನ್ನ ಮುಖ ಕಣ್ಣಿಗೆ ಬಂತು. ನಾನು ಆವತ್ತು ನೆಲ ನೋಡ್ತಿದ್ದೆ, ನಿನ್ನ ಮುಖ ನೋಡೇ ಇರ್ಲಿಲ್ಲ. ಆದ್ರೂ ಬಂತು. ತಟ್ಟೆ ಕಿತ್ಕೊಂಡು ನಾನೇ ನಿನಗೆ ಇಡಬೇಕಿತ್ತು ಕಣೆ ಜಯ. ಇಡ್ಲಿಲ್ಲ. ಫೋನ್ ಮಾಡೋಣ ಅಂತ ಎಷ್ಟೋ ಸಲ ತಗೊಂಡೆ. ಏನಂತ ಮಾಡ್ಲಿ? ಅದಕ್ಕೇ, ಅವಳೇ ಬರ್ಲಿ ಅಂತ ಹಠ ಹಿಡಿದೆ."

ಅಂದವಳು ಆ ಕಾದ ತಾರಸಿಯ ಮೇಲೇ ಕೂತು, ಜಯನ ಜೀವ ಇಲ್ಲದ ಬಲಗೈಗೆ ಹಣೆ ಒತ್ತಿದಳು. ಜಯ ಎಡಗೈಯಿಂದ ಅವಳ ತಲೆ ಸವರಿದಳು. ಇಬ್ಬರಲ್ಲಿ ಯಾರು ಮೊದಲು "ಕ್ಷಮಿಸ್ಬಿಡೇ" ಅಂದರು ಅಂತ ನನಗೆ ಗೊತ್ತಾಗಲಿಲ್ಲ. ನಾನು ಕೆಟ್ಟದಾಗಿ ಅಳುತ್ತಿದ್ದೆ. ನಾಗ ಸಂಡಿಗೆ ಕಡೆ ತಿರುಗಿ ಮೂಗು ಒರೆಸಿಕೊಂಡ.

ಲಲಿತ ಕೆಳಗೆ ಹೋಗಿ ಕುಂಕುಮದ ಭರಣಿ ತಂದಳು. ಭರಣಿ ಹಿಡಿದುಕೊಂಡದ್ದು ಸ್ಟೆಲ್ಲಾ. "ನನಗೆ ಬೇಡ, ಹಿಡ್ಕೊಳ್ಳೋಕೆ ಅಡ್ಡಿ ಇಲ್ಲ" ಅಂದಳು. ಲಲಿತ ಜಯನ ಹಣೆಗೆ ಇಟ್ಟಳು. ಜಯ ಎಡಗೈಯಲ್ಲಿ ಲಲಿತಳಿಗೆ ಇಡೋಕೆ ಹೋಗಿ ಮೂಗಿನ ತುದಿಯವರೆಗೂ ಬಳಿದಳು. ಅದನ್ನು ಲಲಿತ ಒರೆಸಿಕೊಳ್ಳಲಿಲ್ಲ, ಸಾಯಂಕಾಲದವರೆಗೂ ಹಾಗೇ ಓಡಾಡಿದಳು.

ಒಳಗಿನ ಮೆಟ್ಟಿಲಿಂದ ಇಳಿಸಿ ಊಟ ಮಾಡಿದೆವು. ಹೊರಡೋ ಹೊತ್ತಿಗೆ ಹೊಸ ಸಮಸ್ಯೆ. "ಮ್ಯಾಲುಕ್ಕೆ ಇನ್ನೊಂದ್ ಕಿತ ನನ್ ಕೈಲಾಗಾಕಿಲ್ಲ ಕಣಕ್ಕ, ಸೊಂಟ ಇಡ್ಕಂಡದೆ" ಅಂದ ನಾಗ. ಆಲ್ಬರ್ಟ್ ಕೂಡ ಆಯ್ತು ಅನ್ನಲಿಲ್ಲ. ಹಾಗಾದರೆ ಮುಂಬಾಗಿಲಿಂದ ಹೊರಗೆ ಹೋಗಬಹುದಾ? ಒಳಗೆ ಬರೋದಕ್ಕೆ ತಾನೇ ಆಣೆ? ಎಲ್ಲರೂ ನನ್ನ ಮುಖ ನೋಡಿದರು. ನಾನು ಲಲಿತಳ ಮುಖ ನೋಡಿದೆ. ಅವಳು ಜಯನ ತಟ್ಟೆ ತೆಗೆಯೋ ನೆಪದಲ್ಲಿ ಅವಳ ಕುರ್ಚಿಗೆ ಅಂಟಿಕೊಂಡು ನಿಂತಿದ್ದಳು.

"ಹೊರಗೆ ಹೋಗುವಾಗಲೂ ತುಳಿದ ಹಾಗೇ ಆಗುತ್ತೆ," ಅಂತ ತೀರ್ಪು ಕೊಟ್ಟೆ.

"ಹಂಗಾದ್ರೆ ಇಲ್ಲೇ ಇರ್ಲಿ," ಅಂದಳು ಲಲಿತ.

ಹೀಗೆ ಜಯ ಚನ್ನರಾಯಪಟ್ಟಣದಲ್ಲಿ ಉಳಿದಳು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದ ವ್ಯಾಯಾಮವನ್ನೆಲ್ಲ ಲಲಿತ ರೇಖಾನ ಕೇಳಿ ತಿಳಿದುಕೊಂಡು, ಮೂರು ಹೊತ್ತೂ ಮಾಡಿಸಿದಳು. ಹಾಲಿನ ಆ ಗೋಡೆಯಿಂದ ಈ ಗೋಡೆಗೆ ನಡೆಸುತ್ತಿದ್ದಳು, ನಡೆಸುತ್ತಾ ಬೈಯುತ್ತಿದ್ದಳು. "ಸೋಂಬೇರಿ ಮುಂಡೇದೆ, ಎತ್ತು ಕಾಲ." ನಮ್ಮ ಶುಕ್ರವಾರ ಅರಕಲಗೂಡಿನ ಬಸ್ ಬಿಟ್ಟು ಚನ್ನರಾಯಪಟ್ಟಣದ ಬಸ್ ಹತ್ತಿತು. ಜಯ ಮೊದಲು ಕಾಲೆಳೆದಳು, ಆಮೇಲೆ ಎತ್ತಿದಳು, ಆಮೇಲೆ ಕೋಲು ಹಿಡಿದು ಅಡುಗೆಮನೆವರೆಗೂ ಹೋಗಿ ಲಲಿತಳ ಸಾರಿಗೆ ಉಪ್ಪು ಕಮ್ಮಿ ಅಂದಳು. ನಾನು ಸ್ಟೆಲ್ಲಾನ ಕೇಳಿದೆ: "ಇದು ನಿನ್ನ ಪ್ರಾರ್ಥನೆಯಿಂದ ಆಯ್ತಾ, ವ್ಯಾಯಾಮದಿಂದ ಆಯ್ತಾ, ಲಲಿತನ ಬೈಗುಳದಿಂದ ಆಯ್ತಾ?" "ನಿನಗೆ ರಸೀದಿ ಬೇಕಾ?" ಅಂದಳು.

ಆದರೆ ಹೊಸ್ತಿಲು ಹಾಗೇ ಇತ್ತು. ನಡೆಯೋಕೆ ಬಂದ ಮೇಲೂ ಜಯ ಮುಂಬಾಗಿಲ ಹತ್ತಿರ ಸುಳಿಯುತ್ತಿರಲಿಲ್ಲ. ಬಿಸಿಲು ಕಾಯಿಸಿಕೊಳ್ಳೋಕೆ ಮೆಟ್ಟಿಲು ಹತ್ತಿ ತಾರಸಿಗೇ ಹೋಗುತ್ತಿದ್ದಳು. ಸ್ಟೆಲ್ಲಾ, "ಆ ಮಾತನ್ನೂ ದೇವರಿಗೆ ಬಿಟ್ಟುಬಿಡೇ" ಅಂದರೆ, "ರೇಖಂದು ಹೆರಿಗೆ ಆಗ್ಲಿ, ನೋಡಾಣ" ಅನ್ನುತ್ತಿದ್ದಳು.

ಒಂದು ಶುಕ್ರವಾರ ಬೆಳಗ್ಗೆ ನಾವು ಅಲ್ಲಿದ್ದಾಗಲೇ ಹಾಸನದಿಂದ ರೇಖಾನ ಗಂಡನ ಫೋನ್ ಬಂತು. ದಿನ ತುಂಬೋದಕ್ಕೆ ಮುಂಚೆಯೇ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೀವಿ, ಡಾಕ್ಟರು ಏನೂ ಹೇಳ್ತಿಲ್ಲ, ರೇಖಾ ಅವ್ವನ್ನೇ ಕರೀತಾ ಇದ್ದಾಳೆ. ಜಯ ಕೋಲು ಹುಡುಕಲಿಲ್ಲ. ಲಲಿತಳ ಕೈ ಹಿಡಿದುಕೊಂಡು ಎದ್ದಳು, ಹಾಲು ದಾಟಿದಳು, ನಡಿಯೇ ನಡಿಯೇ ಅನ್ನುತ್ತಾ ಮುಂಬಾಗಿಲು ದಾಟಿದಳು. ಶುಕ್ರವಾರ ಬೇರೆ, ಹೊಸ್ತಿಲಿಗೆ ಆಗತಾನೆ ಅರಿಶಿನ ಬಳಿದಿತ್ತು. ಹಿಂದೆ ಚೀಲ ಹಿಡಿದುಕೊಂಡಿದ್ದ ನನ್ನ ಕಣ್ಣೆದುರಿಗೇ ಅವಳ ಬಲಗಾಲು ಅದರ ಮೇಲೆ ಪೂರ್ತಿ ಊರಿತು. ಸ್ಟೆಲ್ಲಾನೂ ನೋಡಿದಳು. ಇಬ್ಬರೂ ಬಾಯಿ ಬಿಡಲಿಲ್ಲ.

ಹಾಸನದವರೆಗೂ ನಾನು ಜಯನ ಬಲಗಾಲನ್ನೇ ನೋಡುತ್ತಿದ್ದೆ. ಬೈದರೆ ಜನ ಸಾಯೋದಿಲ್ಲ ಅಂತ ದೊಡ್ಡದಾಗಿ ಹೇಳಿದವಳು ನಾನೇ. ಆಸ್ಪತ್ರೆಯ ಬೆಂಚಲ್ಲಿ ಕೂತು ಲಿಂಗ ಗಟ್ಟಿಯಾಗಿ ಹಿಡಿದುಕೊಂಡು ಶಿವ ಶಿವ ಅನ್ನುತ್ತಿದ್ದೆ. ಪಕ್ಕದಲ್ಲಿ ಸ್ಟೆಲ್ಲಾಳ ತುಟಿ ಅಲ್ಲಾಡುತ್ತಿತ್ತು, ಅವತ್ತು ವಿವರ ಏನೂ ಇರಲಿಲ್ಲ, ಒಂದೇ ಹೆಸರು. ಮಧ್ಯಾಹ್ನದ ಹೊತ್ತಿಗೆ ಹೆರಿಗೆ ಆಯಿತು. ಹೆಣ್ಣು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂದರು.

ಸಂಜೆ ವಾರ್ಡಿಗೆ ಬಿಟ್ಟರು. ಜಯ ಮಂಚದ ಪಕ್ಕ ಕೂತು, ಎಡಗೈಯಲ್ಲಿ ಮಗು ತಗೊಂಡು, ಬಲಗೈ ಅದರ ಕೆಳಗೆ ಕೊಟ್ಟಳು. ರೇಖಾ ಮಲಗಿದ್ದಲ್ಲಿಂದಲೇ ಅವ್ವನ್ನ ನೋಡುತ್ತಾ ಇದ್ದು, "ಅವ್ವ, ಮೆಟ್ಲು ಹತ್ತಿ ಇಳ್ದು ಬಂದ್ಯಾ? ಅಷ್ಟು ಬೇಗ ಎಂಗ್ ಬಂದೆ?" ಅಂದಳು.

ಜಯ ತನ್ನ ಬಲಗಾಲು ನೋಡಿಕೊಂಡಳು. ಬೆರಳ ಸಂದಿಯಲ್ಲಿ ಅರಿಶಿನ ಇತ್ತು. ನಿಧಾನವಾಗಿ ತಿರುಗಿ ಲಲಿತಳನ್ನು ನೋಡಿದಳು.

"ಮುಂಬಾಗಿಲಿಂದ ಕಣೆ," ಅಂದಳು ಲಲಿತ. "ನೀನು ಎಡವಬಾರದು ಅಂತ ನಾನೇ ಕೈ ಹಿಡಿದು ದಾಟಿಸಿದೆ."

ಜಯ ಮಗುವಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕಾಲು ನೋಡಿದಳು. ಕೈ ನೋಡಿದಳು, ಒಂದೊಂದು ಬೆರಳನ್ನೂ ಬಿಡಿಸಿ ನೋಡಿದಳು. ಕಿವಿ ನೋಡಿದಳು. ಎದೆಗೆ ಕಿವಿಯಿಟ್ಟು ಕೇಳಿದಳು. ಮಗು ಚಳಿಗೆ ಕಿರಿಚಿಕೊಂಡು ಅವಳ ಮೂಗಿಗೆ ಒದೆಯಿತು.

"ಏನೂ ಆಗಿಲ್ಲ ಕಣೆ ಲಲ್ತಾ," ಅಂದಳು. "ಏನೂ ಆಗಿಲ್ಲ."

ಆಮೇಲೆ ಅವಳಿಗೆ ಅಳು ಬಂತು. ಮುಖದ ಎರಡೂ ಕಡೆಯಿಂದ ಬಂತು. ಮಗು ಜಾರೀತು ಅಂತ ನಾನು ಎದ್ದೆ. ಅಷ್ಟರಲ್ಲಿ ಲಲಿತ ಬಗ್ಗಿ ಮಗುವನ್ನು ಇಸಿದುಕೊಂಡು, ಬಟ್ಟೆ ಸುತ್ತಿ ಭುಜಕ್ಕೆ ಹಾಕಿಕೊಂಡಳು.

"ಅಳು," ಅಂದಳು. "ನಾನು ಹಿಡ್ಕೊಂಡಿರ್ತೀನಿ."